ಮೈಕ್ ಕೊಟ್ಟರೆ ಮಣೆ ಹಾಕಿದಂತೆಯೇ?

ನಮ್ಮ ಕಡೆಯ ಕಾಲೇಜು ಸಮಾರಂಭ ನೆನಪಿಸಿಕೊಳ್ಳಿ. ಪ್ರಾರ್ಥನೆ ಆಯಿತು, ದೀಪ ಹಚ್ಚಿದ್ದಾಯಿತು, ಈಗ ಸ್ವಾಗತ ಭಾಷಣ. ಮುಖ್ಯ ಅತಿಥಿ ಹುಟ್ಟಿದ ಊರಿನಿಂದ ಹಿಡಿದು ಪಡೆದ ಪ್ರಶಸ್ತಿಗಳ ತನಕ ಒಂದನ್ನೂ ಬಿಡದೆ ಓದುತ್ತಾರೆ. ಅತಿಥಿ ತಲೆ ತಗ್ಗಿಸಿ ಮುಗುಳ್ನಗುತ್ತಾ ಕೂತಿರುತ್ತಾರೆ. ಪಕ್ಕದ ಟೇಬಲ್ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕಾಯುತ್ತಿರುತ್ತವೆ.

ಈಗ 2007ರ ಸೆಪ್ಟೆಂಬರ್ 24ಕ್ಕೆ ಬನ್ನಿ. ಜಾಗ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಅತಿಥಿ, ಇರಾನ್ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್. ಸ್ವಾಗತ ಭಾಷಣಕ್ಕೆ ಎದ್ದವರು ವಿಶ್ವವಿದ್ಯಾಲಯದ ಮುಖ್ಯಸ್ಥ ಲೀ ಬೋಲಿಂಜರ್. (ಅಲ್ಲಿ ಆ ಹುದ್ದೆಗೂ ಪ್ರೆಸಿಡೆಂಟ್ ಅಂತಲೇ ಹೆಸರು. ನಮ್ಮ ವಿ.ಸಿ. ಅಂದುಕೊಳ್ಳಿ.) ಅತಿಥಿಯ ಎದುರಲ್ಲೇ ಅವರು ಹೇಳಿದರು: "ಅಧ್ಯಕ್ಷರೇ, ಒಬ್ಬ ಕ್ಷುಲ್ಲಕ, ಕ್ರೂರ ಸರ್ವಾಧಿಕಾರಿಯ ಎಲ್ಲ ಲಕ್ಷಣಗಳೂ ನಿಮ್ಮಲ್ಲಿವೆ."

ಅಲ್ಲಿಗೇ ನಿಲ್ಲಿಸಲಿಲ್ಲ. ಹಿಟ್ಲರನ ಕಾಲದಲ್ಲಿ ನಡೆದ ಯೆಹೂದಿಗಳ ಸಾಮೂಹಿಕ ಕೊಲೆಯನ್ನೇ ಅನುಮಾನಿಸುವ ನೀವು ಒಂದೋ ಬೇಕಂತಲೇ ಕೆಣಕುತ್ತಿದ್ದೀರಿ, ಇಲ್ಲವೇ ಬೆರಗಾಗುವಷ್ಟು ಓದು ಕಮ್ಮಿ ಇರುವವರು ಅಂದರು. ಒಂದೊಂದೇ ಪ್ರಶ್ನೆ ಮುಂದಿಟ್ಟು, ಇವಕ್ಕೆ ಉತ್ತರ ಕೊಡುವ ಧೈರ್ಯ ನಿಮಗಿದೆ ಅಂತ ನನಗೆ ಅನ್ನಿಸುವುದಿಲ್ಲ ಅಂತಲೂ ಸೇರಿಸಿದರು. ಸಭೆಯಲ್ಲಿ ಚಪ್ಪಾಳೆ. ಅತಿಥಿ ಇನ್ನೂ ಬಾಯಿ ತೆರೆದಿರಲಿಲ್ಲ.

ವಿವಾದದಲ್ಲಿರುವ ವಿದೇಶಿ ನಾಯಕ ಕ್ಯಾಂಪಸ್ಸಿಗೆ ಬರುತ್ತಾರೆ ಅಂದಾಗಲೆಲ್ಲ ಎಲ್ಲ ಕಡೆ ಒಂದೇ ಜಗಳ. ಕರೆಯಬೇಕಾ, ಬೇಡವಾ? ಆವತ್ತಿನ ಎರಡು ಗಂಟೆಯ ಕಥೆ ಸರಿಯಾಗಿ ನೋಡಿದರೆ, ಆ ಜಗಳದಲ್ಲಿ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಕಳೆದುಹೋಗುತ್ತದೆ ಅನ್ನುವುದು ಕಾಣುತ್ತದೆ. ಕರೆದ ಮೇಲೆ ಏನು ಮಾಡಬೇಕು? ಮೈಕ್ ಯಾರ ಕೈಯಲ್ಲಿರಬೇಕು, ಎಷ್ಟು ಹೊತ್ತು?

ಮೊದಲು ಒಂದು ಸಣ್ಣ ಗೊಂದಲ ಬಿಡಿಸೋಣ. ಅಮೆರಿಕಕ್ಕೂ ಇರಾನಿಗೂ 1980ರಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲ. ಹಾಗಿದ್ದ ಮೇಲೆ ಇರಾನ್ ಅಧ್ಯಕ್ಷ ನ್ಯೂಯಾರ್ಕಿನಲ್ಲಿ ಹೇಗೆ? ವಿಶ್ವಸಂಸ್ಥೆಯಿಂದಾಗಿ. ಅದರ ಮುಖ್ಯ ಕಚೇರಿ ಅಲ್ಲಿದೆ. 1947ರ ಒಪ್ಪಂದದ ಪ್ರಕಾರ, ಅಲ್ಲಿಗೆ ಕೆಲಸದ ಮೇಲೆ ಬರುವ ಬೇರೆ ದೇಶದವರನ್ನು, ಅವರೊಂದಿಗೆ ಸಂಬಂಧ ಹೇಗೇ ಇರಲಿ, ಅಮೆರಿಕ ಬರಲು ಬಿಡಬೇಕು. ಯಾವಾಗಲೂ ಬಿಟ್ಟಿದೆ ಅಂತಲ್ಲ. 1988ರಲ್ಲಿ ಪ್ಯಾಲೆಸ್ತೀನ್ ನಾಯಕ ಯಾಸರ್ ಅರಾಫತ್‌ಗೆ ವೀಸಾ ನಿರಾಕರಿಸಿತು. ಆಗ ಅವರ ಮಾತು ಕೇಳಲು ವಿಶ್ವಸಂಸ್ಥೆಯ ಮಹಾಸಭೆಯೇ ಜಿನೀವಾಕ್ಕೆ ಹೋಯಿತು!

ಬಂದವರು ಎಲ್ಲಿ ಬೇಕಾದರೂ ಸುತ್ತುವಂತಿಲ್ಲ. ಇರಾನಿಯನ್ನರಿಗೆ ಆಗ ಇದ್ದ ಮಿತಿ, ಮ್ಯಾನ್‌ಹಟನ್ನಿನ ಕೊಲಂಬಸ್ ಸರ್ಕಲ್‌ನಿಂದ 25 ಮೈಲಿ. ಕೊಲಂಬಿಯಾ ಕ್ಯಾಂಪಸ್ ಅಲ್ಲಿಂದ ಮೂರು ಮೈಲಿಯೂ ಇಲ್ಲ. ಹಾಗಾಗಿ ಕ್ಯಾಂಪಸ್ಸಿಗೆ ಹೋಗಲು ಅಡ್ಡಿಯಿರಲಿಲ್ಲ. ಅವಳಿ ಗೋಪುರಗಳು ಉರುಳಿದ ಜಾಗಕ್ಕೆ ಹೋಗಬೇಕು ಅಂತಲೂ ಅಹ್ಮದಿನೆಜಾದ್ ಕೇಳಿದ್ದರು. ಅದಕ್ಕೆ ಮಾತ್ರ ನ್ಯೂಯಾರ್ಕ್ ಪೊಲೀಸರು ಒಪ್ಪಲಿಲ್ಲ.

ಪ್ರತಿ ಸೆಪ್ಟೆಂಬರಿನಲ್ಲಿ ದೇಶ ದೇಶಗಳ ನಾಯಕರು ಹೀಗೆ ಊರಿಗೆ ಬಂದಿರುತ್ತಾರಲ್ಲ, ಕೊಲಂಬಿಯಾ ಅದನ್ನೇ ಬಳಸಿಕೊಂಡು 2003ರಿಂದ ವಿಶ್ವನಾಯಕರ ವೇದಿಕೆ ಅಂತ ಒಂದು ಕಾರ್ಯಕ್ರಮ ನಡೆಸುತ್ತಿದೆ. ಟಿಕೆಟ್ ಖರ್ಚಿಲ್ಲ, ಹೋಟೆಲ್ ಖರ್ಚಿಲ್ಲ. ಮೆಟ್ರೋದಲ್ಲಿ ಹೋಗಿಬರುವಷ್ಟು ದೂರದಲ್ಲಿ ಅಧ್ಯಕ್ಷರು, ಪ್ರಧಾನಿಗಳು. ಕರೆದರೆ ಬರುತ್ತಾರೆ.

ಅಹ್ಮದಿನೆಜಾದ್‌ಗೆ ಕರೆ ಹೋಗಿದ್ದು ಅದೇ ಮೊದಲಲ್ಲ. 2006ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವಿಷಯಗಳ ಶಾಲೆಯ ಡೀನ್ ಲೀಸಾ ಆಂಡರ್ಸನ್ ಆಹ್ವಾನಿಸಿದ್ದರು. ಬೋಲಿಂಜರ್ ಅದನ್ನು ತಡೆದರು. ಕಾರ್ಯಕ್ರಮ ಒಂದು ವಿಶ್ವವಿದ್ಯಾಲಯಕ್ಕೆ ತಕ್ಕ ಹಾಗೆ ನಡೆಯುತ್ತದೆ ಅನ್ನುವ ಭರವಸೆ ಇಲ್ಲ ಅನ್ನುವುದು ಅವರ ವಾದ. ಮರುವರ್ಷ ಅದೇ ಶಾಲೆಯಿಂದ ಮತ್ತೆ ಪ್ರಸ್ತಾಪ ಬಂತು. ಇರಾನ್ ಇತಿಹಾಸ ಬಲ್ಲ ಪ್ರಾಧ್ಯಾಪಕ ರಿಚರ್ಡ್ ಬುಲಿಯೆಟ್ ನಡುವೆ ನಿಂತು ಮಾತುಕತೆಗೆ ನೆರವಾದರು. ಈ ಸಲ ಬೋಲಿಂಜರ್ ಒಪ್ಪಿದರು, ಆದರೆ ಷರತ್ತಿನ ಮೇಲೆ. ಭಾಷಣದಷ್ಟೇ ಸಮಯ ಪ್ರಶ್ನೋತ್ತರಕ್ಕೂ ಬೇಕು. ಜತೆಗೆ ಶುರುವಿನಲ್ಲಿ ತಾನೂ ಕಟುವಾದ ಪ್ರಶ್ನೆಗಳನ್ನು ಎತ್ತುತ್ತೇನೆ.

ಅಂದಹಾಗೆ ಆ ಶಾಲೆಯ ಕಟ್ಟಡದ ಗ್ರಂಥಾಲಯದಲ್ಲಿ ನಮಗೆಲ್ಲ ಗುರುತಿರುವ ಒಬ್ಬರ ಎದೆಮಟ್ಟದ ಪ್ರತಿಮೆ ಇದೆ. ಬಾಬಾಸಾಹೇಬ್ ಅಂಬೇಡ್ಕರ್ ಅವರದು. 1913ರಿಂದ 1916ರ ತನಕ ಅವರು ಓದಿದ್ದು ಇದೇ ಕ್ಯಾಂಪಸ್ಸಿನಲ್ಲಿ.

ಸುದ್ದಿ ಹೊರಬಿದ್ದದ್ದೇ ತಡ, ಊರಿಗೆ ಊರೇ ಎದ್ದಿತು. ಅದಕ್ಕೆ ಕಾರಣವೂ ಇತ್ತು. ಯೆಹೂದಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನಗರ ನ್ಯೂಯಾರ್ಕ್. ಹಿಂದಿನ ಡಿಸೆಂಬರಿನಲ್ಲಷ್ಟೇ ಇರಾನ್ ಸರ್ಕಾರ ಟೆಹರಾನಿನಲ್ಲಿ ಒಂದು ಸಮ್ಮೇಳನ ನಡೆಸಿ, ಆ ಸಾಮೂಹಿಕ ಕೊಲೆ ನಡೆದೇ ಇಲ್ಲ ಅನ್ನುವವರನ್ನೆಲ್ಲ ಸೇರಿಸಿತ್ತು. ಅಪ್ಪ ಅಮ್ಮನನ್ನು ಅದೇ ಕೊಲೆಯಲ್ಲಿ ಕಳೆದುಕೊಂಡ ಮುದುಕರು ಇನ್ನೂ ಆ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಬದುಕಿದ್ದರು. ಅವರ ಸಿಟ್ಟನ್ನು ರಾಜಕೀಯ ಅಂತ ತಳ್ಳಿಹಾಕಲು ಆಗುವುದಿಲ್ಲ. ಇನ್ನೊಂದು ಕಡೆ ಇರಾನಿನ ಅಣು ಕಾರ್ಯಕ್ರಮದ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿತ್ತು, ಪಕ್ಕದ ಇರಾಕಿನಲ್ಲಿ ಅಮೆರಿಕದ ಸೈನಿಕರು ಸಾಯುತ್ತಿದ್ದರು, ಬುಷ್ ಇರಾನಿನ ಮೇಲೂ ಬಾಂಬು ಹಾಕುತ್ತಾರಾ ಅನ್ನುವ ಮಾತು ದಿನವೂ ಪತ್ರಿಕೆಯಲ್ಲಿ.

ನಗರ ಸಭೆಯ ಸ್ಪೀಕರ್ ಕ್ರಿಸ್ಟೀನ್ ಕ್ವಿನ್, ಆಹ್ವಾನ ವಾಪಸ್ ತಗೊಳ್ಳಿ ಅಂದರು. ಇಂಥ ವಿಶ್ವವಿದ್ಯಾಲಯಕ್ಕೆ ಕೇಂದ್ರದ ಹಣ ಯಾಕೆ ಕೊಡಬೇಕು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಡಂಕನ್ ಹಂಟರ್ ಎದ್ದರು. ಮರುವರ್ಷವೇ ಅಧ್ಯಕ್ಷ ಚುನಾವಣೆ. ಸ್ಪರ್ಧೆಯಲ್ಲಿದ್ದ ಯಾರಿಗೂ ಸುಮ್ನೆ ಇರಲು ಮನಸ್ಸಿರಲಿಲ್ಲ. ಇದರ ನಡುವೆ ಅಂತರರಾಷ್ಟ್ರೀಯ ವಿಷಯಗಳ ಶಾಲೆಯ ಆಗಿನ ಡೀನ್ ಜಾನ್ ಕೋಟ್ಸ್‌ವರ್ತ್ ಟಿವಿಯಲ್ಲಿ ಒಂದು ಮಾತು ಹೇಳಿ ಬೆಂಕಿಗೆ ತುಪ್ಪ ಸುರಿದರು. ಹಿಟ್ಲರನನ್ನೂ ಕರೆಯುತ್ತಿದ್ದಿರಾ ಅಂತ ಕೇಳಿದ್ದಕ್ಕೆ, ಚರ್ಚೆಗೆ ಸಿದ್ಧನಿದ್ದರೆ, ನಮ್ಮ ವಿದ್ಯಾರ್ಥಿಗಳ ಪ್ರಶ್ನೆ ಎದುರಿಸಲು ಒಪ್ಪಿದರೆ, ಖಂಡಿತ ಕರೆಯುತ್ತಿದ್ದೆವು ಅಂದುಬಿಟ್ಟರು.

ವಾದವಾಗಿ ಅದು ಸರಿಯೇ ಇರಬಹುದು. ಆದರೆ ಕೊಲಂಬಿಯಾಗೆ ಹಳೆಯ ಗಾಯವೊಂದಿತ್ತು. 1933ರ ಡಿಸೆಂಬರಿನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದು ವರ್ಷವೂ ಆಗಿರಲಿಲ್ಲ, ಆತನ ರಾಯಭಾರಿ ಹಾನ್ಸ್ ಲೂಥರ್ ಇದೇ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿದ್ದರು. ವಿದ್ಯಾರ್ಥಿಗಳು ಪ್ರತಿಭಟಿಸಿದಾಗ ಆಗಿನ ಮುಖ್ಯಸ್ಥ ನಿಕೋಲಸ್ ಮರ್ರೆ ಬಟ್ಲರ್ ಅತಿಥಿಗೆ ಮರ್ಯಾದೆ ಕೊಡುವುದು ಮುಖ್ಯ ಅಂದಿದ್ದರು. ಆ ಮರ್ಯಾದೆಯೇ ಮುಂದೆ ಕೊಲಂಬಿಯಾದ ಹೆಸರಿಗೆ ಕಪ್ಪು ಚುಕ್ಕೆಯಾಯಿತು. ಮೈಕ್ ಕೊಡುವುದರ ಜತೆಗೆ ಮಣೆಯನ್ನೂ ಹಾಕಿದ್ದರಲ್ಲ!

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. "ಅಮೆರಿಕದಲ್ಲಿ ಎಲ್ಲರಿಗೂ ಮಾತಾಡುವ ಹಕ್ಕಿದೆ, ಅದಕ್ಕೇ ಅಹ್ಮದಿನೆಜಾದ್‌ಗೂ ಅವಕಾಶ ಕೊಟ್ಟರು" ಅಂತ ಆಗ ನಮ್ಮಲ್ಲೂ ಬಹಳ ಜನ ಹೇಳಿದರು. ಹಾಗಲ್ಲ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಸರ್ಕಾರ ಯಾರ ಬಾಯಿಯನ್ನೂ ಮುಚ್ಚಿಸಬಾರದು ಅನ್ನುವುದು ಅದರ ಸಾರ. ಕೊಲಂಬಿಯಾ ಖಾಸಗಿ ವಿಶ್ವವಿದ್ಯಾಲಯ. ಅದು ಯಾರನ್ನಾದರೂ ಕರೆಯಬಹುದು, ಯಾರನ್ನಾದರೂ ಬಿಡಬಹುದು. ನಮ್ಮ ಮನೆ ಜಗಲಿಯಲ್ಲಿ ಕೂತು ಮಾತಾಡುವ ಹಕ್ಕು ದಾರಿಹೋಕರಿಗೆ ಇಲ್ಲವಲ್ಲ, ಹಾಗೆ.

ಬೋಲಿಂಜರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ವಾಕ್ ಸ್ವಾತಂತ್ರ್ಯದ ಕಾನೂನೇ ಅವರ ಓದು, ಅವರ ಪಾಠ. ಸ್ವಾಗತ ಭಾಷಣದಲ್ಲೇ ಅವರು ಬಿಡಿಸಿ ಹೇಳಿದರು: ಇದು ಮಾತಾಡುವವರ ಹಕ್ಕಿನ ಪ್ರಶ್ನೆಯೇ ಅಲ್ಲ, ನಾವು ಕೇಳುವ, ಕೇಳಿ ಮಾತಾಡುವ ಹಕ್ಕಿನದು. ಮರ್ಯಾದೆಗೆ ಅರ್ಹರಲ್ಲದವರಿಗೆ ವೇದಿಕೆ ತೆರೆದ ಮಾತ್ರಕ್ಕೆ ಅವರನ್ನು ಗೌರವಿಸಿದಂತೆ ಆಗುವುದಿಲ್ಲ. ಅವತ್ತು ಅವರು ಆಡಿದ ಮಾತುಗಳಲ್ಲಿ ನನಗೆ ಇವತ್ತಿಗೂ ಸರಿ ಅನ್ನಿಸುವುದು ಇವೆರಡು. ಹಾಗೆ ನೋಡಿದರೆ ಸಂವಿಧಾನಕ್ಕೆ ಹತ್ತಿರ ಬಂದಿದ್ದು ಹಣ ನಿಲ್ಲಿಸುತ್ತೇವೆ ಅಂದ ರಾಜಕಾರಣಿಗಳ ಬೆದರಿಕೆ. ಒಬ್ಬರ ಮಾತು ಕೇಳಿದ್ದಕ್ಕೆ ಸರ್ಕಾರ ದುಡ್ಡು ಕಿತ್ತುಕೊಂಡರೆ ಅದೇ ಬಾಯಿ ಮುಚ್ಚಿಸುವ ಕೆಲಸ.

ಸರಿ, ಸಭಾಂಗಣಕ್ಕೆ ವಾಪಸ್ ಹೋಗೋಣ. ಒಳಗೆ ನೂರಾರು ಮಂದಿ. ಹೊರಗೆ ಹುಲ್ಲುಹಾಸಿನ ಮೇಲೆ ದೊಡ್ಡ ಪರದೆ, ಅದರ ಮುಂದೆ ಸಾವಿರಾರು ವಿದ್ಯಾರ್ಥಿಗಳು. ಗೇಟಿನಾಚೆ ಬ್ರಾಡ್‌ವೇಯಲ್ಲಿ ಪ್ರತಿಭಟನೆ.

ಬೈಗುಳ ಕೇಳಿಸಿಕೊಂಡ ಅಹ್ಮದಿನೆಜಾದ್ ಎದ್ದು ನಿಂತವರು ಮೊದಲು ಆಡಿದ ಮಾತೇ ಚುರುಕಾಗಿತ್ತು. ನಮ್ಮ ಇರಾನಿನಲ್ಲಿ ಒಬ್ಬರನ್ನು ಭಾಷಣಕ್ಕೆ ಕರೆದರೆ ತೀರ್ಮಾನ ಮಾಡುವುದನ್ನು ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ಬಿಡುತ್ತೇವೆ, ಭಾಷಣಕ್ಕೆ ಮುಂಚೆಯೇ ಆರೋಪ ಪಟ್ಟಿ ಓದುವುದಿಲ್ಲ ಅಂದರು. ಅದಕ್ಕೂ ಚಪ್ಪಾಳೆ ಬಂತು! ಮುಂದಿನದು ಜ್ಞಾನ, ಬೆಳಕು, ದೇವರು, ವಿಜ್ಞಾನಿಯ ಕರ್ತವ್ಯ ಅಂತ ಸಾಗಿದ ಉದ್ದನೆಯ ಪ್ರವಚನ. ತಾನೂ ಮೇಷ್ಟ್ರೇ ಅಂತ ನೆನಪಿಸಿದರು. ಅದು ಸುಳ್ಳೂ ಅಲ್ಲ, ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ. ಮಾಡಿ ಪಾಠ ಹೇಳಿದವರು ಅವರು. ಆ ಹೊತ್ತಿಗೆ ಅವರ ಕೈಯೇ ಮೇಲಾಗಿತ್ತು ಅನ್ನಬೇಕು.

ಆಮೇಲೆ ಪ್ರಶ್ನೆಗಳು. ಸಭಿಕರ ಕಡೆಯಿಂದ ಬಂದವನ್ನು ಕೋಟ್ಸ್‌ವರ್ತ್ ಓದುತ್ತಿದ್ದರು. ದನಿ ಏರಿಸಲಿಲ್ಲ, ವಿಶೇಷಣ ಬಳಸಲಿಲ್ಲ. ಮೊದಲನೆಯದು: ಇಸ್ರೇಲ್ ಯೆಹೂದಿ ರಾಷ್ಟ್ರವಾಗಿ ನಾಶವಾಗಬೇಕು ಅಂತ ನೀವು ಅಥವಾ ನಿಮ್ಮ ಸರ್ಕಾರ ಬಯಸುತ್ತೀರಾ? ಅಹ್ಮದಿನೆಜಾದ್, ನಾವು ಎಲ್ಲ ಜನರನ್ನೂ ಪ್ರೀತಿಸುತ್ತೇವೆ, ಇರಾನಿನಲ್ಲೂ ಯೆಹೂದಿಗಳು ನೆಮ್ಮದಿಯಿಂದ ಇದ್ದಾರೆ ಅಂತ ಸುತ್ತಿ ಬಳಸಿದರು. ಕೋಟ್ಸ್‌ವರ್ತ್ ಬಿಡಲಿಲ್ಲ. ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡಬಹುದು, ಹೌದು ಅಥವಾ ಇಲ್ಲ ಅಂದರು. ಆಗ ಅತಿಥಿ ತಿರುಗಿಸಿ ಕೇಳಿದರು: ಪ್ಯಾಲೆಸ್ತೀನಿನದು ಅಂತರರಾಷ್ಟ್ರೀಯ ಸಮಸ್ಯೆ ಹೌದೋ ಅಲ್ಲವೋ, ನೀವೇ ಒಂದೇ ಪದದಲ್ಲಿ ಹೇಳಿ. ಜಾಣ ಉತ್ತರ. ಆದರೆ ಉತ್ತರ ಕೊಟ್ಟಿಲ್ಲ ಅನ್ನುವುದು ಎಲ್ಲರಿಗೂ ಕಂಡಿತ್ತು.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಇರಾನಿನಲ್ಲಿ ಹೆಂಗಸರಿಗೆ ಹಕ್ಕುಗಳಿಲ್ಲ, ಸಲಿಂಗಿಗಳಿಗೆ ಮರಣದಂಡನೆ ತನಕ ಶಿಕ್ಷೆ ಇದೆ, ಯಾಕೆ ಹೀಗೆ ಮಾಡುತ್ತಿದ್ದೀರಿ? ಅತಿಥಿ ಮಾದಕ ವಸ್ತು ಸಾಗಿಸುವವರ ಕಥೆ ತೆಗೆದರು. ಅಮೆರಿಕದಲ್ಲೂ ಮರಣದಂಡನೆ ಇಲ್ಲವಾ ಅಂದರು. ಕೋಟ್ಸ್‌ವರ್ತ್ ಮತ್ತೆ ಮೆಲ್ಲಗೆ ಎಳೆದರು: ಅಧ್ಯಕ್ಷರೇ, ಪ್ರಶ್ನೆ ಇದ್ದಿದ್ದು ಮಾದಕ ವಸ್ತು ಸಾಗಿಸುವವರ ಬಗ್ಗೆ ಅಲ್ಲ.

ಆಗ ಬಂತು ಆ ಮಾತು. "ನಿಮ್ಮ ದೇಶದಲ್ಲಿ ಇದ್ದ ಹಾಗೆ ಇರಾನಿನಲ್ಲಿ ನಮಗೆ ಸಲಿಂಗಿಗಳು ಇಲ್ಲ."

ಸಭೆ ಒಂದು ಕ್ಷಣ ನಕ್ಕಿತು. ಆಮೇಲೆ ಕೂಗಾಟ. ಅತಿಥಿಗೆ ನಗು ಯಾಕೆ ಅಂತ ತಿಳಿಯದ ಹಾಗೆ ಕಂಡಿತು. ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ, ಇದೆ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ ಅಂತ ಮುಂದುವರಿಸಿದರು. ಅಷ್ಟು ಹೊತ್ತು ಹಿಡಿದುಕೊಂಡು ಬಂದ ಹಿಡಿತ ಅಲ್ಲಿ ಜಾರಿತು. ಇಲ್ಲದವರಿಗೆ ಮರಣದಂಡನೆ ಕಾನೂನು ಯಾಕೆ ಅಂತ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಆ ಭೇಟಿಯ ಬಗ್ಗೆ ಇವತ್ತು ಜನರಿಗೆ ನೆನಪಿರುವುದು ಇದೊಂದೇ ವಾಕ್ಯ.

ಗಮನಿಸಿ, ಆ ವಾಕ್ಯ ಹೊರಗೆ ಬಂದಿದ್ದು ಬೋಲಿಂಜರ್‌ರ ಬೈಗುಳದಿಂದಲ್ಲ. ಬೈದಾಗ ಅತಿಥಿ ಎದೆ ಸೆಟೆಸಿದರು. ಒಂದು ಸಾದಾ ಪ್ರಶ್ನೆಯನ್ನು ಬಿಡದೆ ಎರಡು ಸಲ ಕೇಳಿದಾಗ ಜಾರಿಬಿದ್ದರು.

ಅದಕ್ಕೇ ಆ ಸ್ವಾಗತ ಭಾಷಣ ತಪ್ಪು ಅಂತ ನನಗನ್ನಿಸುತ್ತದೆ. ಅದರಲ್ಲಿ ಬೆಲೆಬಾಳುವ ಭಾಗ ಇರಲಿಲ್ಲ ಅಂತಲ್ಲ. ಹಾಲೆಹ್ ಎಸ್ಫಂಡಿಯಾರಿ ಅನ್ನುವ ವಿದ್ವಾಂಸೆ ನೂರು ದಿನಕ್ಕೂ ಜಾಸ್ತಿ ಟೆಹರಾನಿನ ಎವಿನ್ ಜೈಲಿನಲ್ಲಿದ್ದು ಆಗಷ್ಟೇ ಹೊರಬಂದಿದ್ದರು. ಕೊಲಂಬಿಯಾದಲ್ಲೇ ಪಿಎಚ್‌.ಡಿ. ಮಾಡಿದ ಕಿಯಾನ್ ತಾಜ್‌ಬಖ್ಶ್ ಕೆಲವೇ ದಿನಗಳ ಹಿಂದೆ ಬಿಡುಗಡೆಯಾಗಿದ್ದರು, ಆದರೆ ದೇಶ ಬಿಡುವಂತಿರಲಿಲ್ಲ. ಬೋಲಿಂಜರ್ ಇಬ್ಬರ ಹೆಸರನ್ನೂ ಎತ್ತಿದರು. ತಾಜ್‌ಬಖ್ಶ್‌ಗೆ ಇಲ್ಲಿ ಸಂದರ್ಶಕ ಪ್ರಾಧ್ಯಾಪಕ ಹುದ್ದೆ ಕೊಡುತ್ತಿದ್ದೇವೆ, ಅವರನ್ನು ಕಳಿಸಿಕೊಡಿ ಅಂತ ಅಧ್ಯಕ್ಷರ ಮುಂದೆಯೇ ಹೇಳಿದರು. ಒಬ್ಬ ವಿಶ್ವವಿದ್ಯಾಲಯದ ಮುಖ್ಯಸ್ಥ ಮಾಡಬೇಕಾದ ಕೆಲಸ ಅದು. ಅಷ್ಟೇ ಹೇಳಿ ಕೂತಿದ್ದರೆ ಸಾಕಿತ್ತು. (ತಾಜ್‌ಬಖ್ಶ್ ಆಗ ಬರಲಿಲ್ಲ. 2009ರಲ್ಲಿ ಅವರನ್ನು ಮತ್ತೆ ಜೈಲಿಗೆ ಹಾಕಿದರು.)

"ಸರ್ವಾಧಿಕಾರಿ" ಅನ್ನುವ ಪದವೂ ಗುರಿ ತಪ್ಪಿತ್ತು. ಇರಾನಿನಲ್ಲಿ ಅಧ್ಯಕ್ಷ ಎರಡನೆಯ ಸ್ಥಾನದ ಮನುಷ್ಯ. ಸೈನ್ಯ, ನ್ಯಾಯಾಂಗ, ಅಣು ವಿಷಯದ ಕೊನೆಯ ಮಾತು, ಎಲ್ಲ ಇದ್ದಿದ್ದು ಪರಮೋಚ್ಚ ನಾಯಕ ಖಮೇನಿ ಕೈಯಲ್ಲಿ. ಅಹ್ಮದಿನೆಜಾದ್ 2005ರಲ್ಲಿ ಚುನಾವಣೆ ಗೆದ್ದು ಬಂದವರು, ತಮ್ಮ ದೇಶದಲ್ಲೇ ಅವರಿಗೆ ಕಷ್ಟ ಶುರುವಾಗಿತ್ತು. 2006ರ ಸ್ಥಳೀಯ ಚುನಾವಣೆಯಲ್ಲಿ ಅವರ ಕಡೆಯವರಿಗೆ ಹಿನ್ನಡೆಯಾಗಿತ್ತು. 2007ರ ಜೂನ್‌ನಲ್ಲಿ ಪೆಟ್ರೋಲಿಗೆ ರೇಷನ್ ಹಾಕಿದಾಗ ಜನ ಪೆಟ್ರೋಲ್ ಬಂಕ್‌ಗಳಿಗೆ ಬೆಂಕಿ ಇಟ್ಟಿದ್ದರು. ಅಂಥ ಹೊತ್ತಿನಲ್ಲಿ ಅಮೆರಿಕದವರೊಬ್ಬರು ಕರೆದು ಮರ್ಯಾದೆ ತೆಗೆದರು ಅನ್ನುವ ಸುದ್ದಿ ಅವರಿಗೆ ವರವೇ ಆಯಿತು. ಅವರನ್ನು ಕಂಡರಾಗದ ಇರಾನಿಯನ್ನರಿಗೂ ಅದು ಚುಚ್ಚಿತು. ಅಲ್ಲಿನ ಏಳು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರು ಸೇರಿ ಬೋಲಿಂಜರ್‌ಗೆ ಹತ್ತು ಪ್ರಶ್ನೆಗಳ ಪತ್ರ ಬರೆದರು.

ನಮಗೆ ಬೇಗ ಅರ್ಥವಾಗುವ ಇನ್ನೊಂದು ಸಂಗತಿಯಿದೆ. 2005ರಲ್ಲಿ ಇದೇ ಕೊಲಂಬಿಯಾಗೆ ಪರ್ವೇಜ್ ಮುಷರಫ್ ಬಂದಿದ್ದರು. ಸೈನ್ಯ ಬಳಸಿ ಚುನಾಯಿತ ಸರ್ಕಾರ ಬೀಳಿಸಿದ ಜನರಲ್. ಬೋಲಿಂಜರ್ ಅವರನ್ನು ಆತ್ಮೀಯವಾಗಿಯೇ ಸ್ವಾಗತಿಸಿದ್ದರು. ಮುಷರಫ್ ಆಗ ಅಮೆರಿಕದ ಗೆಳೆಯ, ಅಹ್ಮದಿನೆಜಾದ್ ಶತ್ರು. ಸ್ವಾಗತ ಭಾಷಣದ ಬಿಸಿ ವಾಷಿಂಗ್ಟನ್ನಿನ ಹವೆ ನೋಡಿಕೊಂಡು ಏರಿಳಿಯುತ್ತದೆ ಅಂತ ಕೊಲಂಬಿಯಾದ ಪ್ರಾಧ್ಯಾಪಕರಲ್ಲೇ ಹಲವರಿಗೆ ಅನ್ನಿಸಿತು. ಅವರು ಬಹಿರಂಗವಾಗಿ ಅಸಮಾಧಾನ ಹೇಳಿದರು.

1967ರಲ್ಲಿ, ವಿಯೆಟ್ನಾಂ ಯುದ್ಧದ ಗಲಾಟೆ ನಡುವೆ, ಶಿಕಾಗೋ ವಿಶ್ವವಿದ್ಯಾಲಯದ ಕ್ಯಾಲ್ವೆನ್ ಸಮಿತಿ ಒಂದು ಮಾತು ಹೇಳಿತ್ತು. ವಿಶ್ವವಿದ್ಯಾಲಯ ಟೀಕಾಕಾರರ ಮನೆ, ತಾನೇ ಟೀಕಾಕಾರ ಅಲ್ಲ. ಟೀಕೆ ಮಾಡಬೇಕಾದವರು ಅಲ್ಲಿನ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಒಬ್ಬೊಬ್ಬರಾಗಿ. ಎಲ್ಲ ಸಂದರ್ಭಕ್ಕೂ ಇದು ಒಪ್ಪುತ್ತದೆಯೋ ಇಲ್ಲವೋ, ಅವತ್ತಿನ ಸಭೆಗಂತೂ ಹೇಳಿ ಮಾಡಿಸಿದಂತಿದೆ.

ಇದನ್ನೆಲ್ಲ ಬರೆಯುವಾಗ ನನ್ನ ಕಾಲೇಜು ನೆನಪಾಗಿ ನಗು ಬರುತ್ತದೆ. ಒಬ್ಬ ದೊಡ್ಡ ಮನುಷ್ಯರು ಬರುವವರಿದ್ದರು. ಪ್ರಶ್ನೆ ಕೇಳುವ ನಾಲ್ಕು ಮಂದಿಯನ್ನು ಹಿಂದಿನ ದಿನವೇ ಆರಿಸಿ, ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನಗೆ ಬಂದಿದ್ದು "ನಿಮ್ಮ ಯಶಸ್ಸಿನ ಗುಟ್ಟೇನು ಸರ್?" ಚೆನ್ನಾಗಿಯೇ ಕೇಳಿದೆ. ಅವರು ಚೆನ್ನಾಗಿಯೇ ಉತ್ತರಿಸಿದರು. ಈಗ ಒಂದಕ್ಷರ ನೆನಪಿಲ್ಲ.

2006ರ ಮಾರ್ಚ್‌ನಲ್ಲಿ ಬುಷ್ ಹೈದರಾಬಾದಿನ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯಕ್ಕೆ ಬಂದಾಗ ರೈತರ ಜತೆಗಿನ ಫೋಟೋ ಚೆನ್ನಾಗಿ ಬಂದವು, ಪ್ರತಿಭಟಿಸಿದವರು ದೂರದಲ್ಲೇ ಉಳಿದರು. 2010ರಲ್ಲಿ ಒಬಾಮ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಬಂದಾಗ ಮಾತ್ರ ಒಬ್ಬ ವಿದ್ಯಾರ್ಥಿನಿ ಎದ್ದು, ಪಾಕಿಸ್ತಾನ ನಿಮಗೆ ಯಾಕೆ ಅಷ್ಟು ಮುಖ್ಯ, ಅದನ್ನು ಭಯೋತ್ಪಾದಕ ರಾಷ್ಟ್ರ ಅಂತ ಯಾಕೆ ಇನ್ನೂ ಕರೆದಿಲ್ಲ ಅಂತ ಕೇಳಿದಳು. ಇಡೀ ಭೇಟಿಯಲ್ಲಿ ನಮಗೆ ನೆನಪುಳಿದ ಪ್ರಶ್ನೆ ಅದು.

ಇನ್ನು ಟೆಹರಾನ್. ಕಥೆಯ ಈ ಭಾಗ ಕೊಲಂಬಿಯಾದ ಗದ್ದಲದಲ್ಲಿ ಹೆಚ್ಚು ಜನಕ್ಕೆ ತಲುಪಲೇ ಇಲ್ಲ. 2006ರ ಡಿಸೆಂಬರಿನಲ್ಲೇ ಅಮೀರ್‌ಕಬೀರ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಹ್ಮದಿನೆಜಾದ್ ಮಾತಾಡುತ್ತಿದ್ದಾಗ ವಿದ್ಯಾರ್ಥಿಗಳು ಅವರ ಫೋಟೋ ಸುಟ್ಟು ಘೋಷಣೆ ಕೂಗಿದ್ದರು. ಮರುವರ್ಷ ಅದೇ ಕ್ಯಾಂಪಸ್ಸಿನ ಮೂವರು ವಿದ್ಯಾರ್ಥಿಗಳು, ಅವರ ಪತ್ರಿಕೆಗಳಲ್ಲಿ ಬಂದ ಬರಹಗಳ ನೆಪದಲ್ಲಿ, ಜೈಲು ಸೇರಿದರು. ಅಧ್ಯಕ್ಷರು ನ್ಯೂಯಾರ್ಕಿನಲ್ಲಿ ನಿಂತು, ನಮ್ಮಲ್ಲಿ ತೀರ್ಮಾನವನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇವೆ ಅಂದಾಗ ಆ ಮೂವರು ಒಳಗೇ ಇದ್ದರು.

ಕೊಲಂಬಿಯಾದಿಂದ ಮರಳಿದ ಎರಡು ವಾರಕ್ಕೆ, ಅಕ್ಟೋಬರ್ 8ರಂದು, ಅಹ್ಮದಿನೆಜಾದ್ ಟೆಹರಾನ್ ವಿಶ್ವವಿದ್ಯಾಲಯಕ್ಕೆ ಹೋದರು. ಹೊಸ ಶೈಕ್ಷಣಿಕ ವರ್ಷದ ಸಮಾರಂಭ. ಹೊರಗೆ ಪೊಲೀಸರು. ಒಳಗೆ ಸಭಾಂಗಣದಲ್ಲಿ ಭಾಷಣ ನಡೆದಿತ್ತು, ಆಚೆ ಕ್ಯಾಂಪಸ್ಸಿನಲ್ಲಿ ನೂರರಷ್ಟು ವಿದ್ಯಾರ್ಥಿಗಳು "ಸರ್ವಾಧಿಕಾರಿಗೆ ಸಾವು" ಅಂತ ಕೂಗುತ್ತಿದ್ದರು. ಬೋಲಿಂಜರ್ ಬಳಸಿದ ಅದೇ ಪದ. ಆದರೆ ಇವರು ಹಾಗಂದರೆ ಜೈಲು. ಅವರು ಹಿಡಿದಿದ್ದ ಫಲಕದ ಮೇಲೆ ಬರೆದಿತ್ತು: "ಕೊಲಂಬಿಯಾ ಮಾತ್ರ ಯಾಕೆ? ನಮ್ಮ ಹತ್ತಿರವೂ ಪ್ರಶ್ನೆಗಳಿವೆ."